ಕೇಪಿನ ಕೋವಿಯ ಗತ್ತು

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಗದ್ದೆಬಯಲಿನಾಚೆ, ಕಾಡಿನಾಚೆ ಚದುರಿಕೊಂಡಿದ್ದ ಒಂಟಿಮನೆಗಳಿಗೆ ಸುದ್ದಿ ಮುಟ್ಟಿಸಲು ಅದಕ್ಕಿಂತ ವೇಗದ ಟಪಾಲು ಬೇರೆ ಇರಲಿಲ್ಲ. ಒಂದು ಢಂ ಕೇಳಿದರೆ ಬಾಣಂತಿಯನ್ನು ನೋಡಲು ಹೊರಡುವುದು, ಎರಡು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು. ಹಾಗಾದರೆ ಹೊಸದಾಗಿ ತಂದೆಯಾದವನೊಬ್ಬ ಹಿಗ್ಗು ತಡೆಯಲಾರದೆ ಇನ್ನೊಂದು ಹಾರಿಸಿಬಿಟ್ಟರೆ? ಹಳೆಯ ಕಾಲದಲ್ಲಿ ಆ ಭಯ ಅಷ್ಟಾಗಿ ಇದ್ದಿರಲಾರದು. ಒಂಟಿ ನಳಿಗೆಯ ಕೇಪಿನ ಕೋವಿಗೆ ಎರಡನೆಯ ಈಡು ತುಂಬಿ ಮುಗಿಸುವಷ್ಟರಲ್ಲಿ ಎಂಥವನ ಹಿಗ್ಗೂ ಹದಕ್ಕೆ ಬರುತ್ತದೆ. ಬೇಗ ಬೇಗ ಎರಡು ಹಾರಿಸಬೇಕಾದವರು ಎರಡು ಕೋವಿಗಳನ್ನೇ ತುಂಬಿಟ್ಟುಕೊಳ್ಳಬೇಕಿತ್ತು.

ಕೇಪಿನ ಕೋವಿ ತುಂಬುವುದನ್ನು ಕಣ್ಣಾರೆ ನೋಡದವರಿಗೆ ಅದರ ಸಾವಧಾನ ಸುಲಭಕ್ಕೆ ಅರ್ಥವಾಗುವುದಿಲ್ಲ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ನಳಿಗೆಯ ಬಾಯಿಂದ ಅಳತೆಯ ಮಸಿ, ಅಂದರೆ ಕರಿಮದ್ದು, ಸುರಿಯಬೇಕು. ಅದರ ಮೇಲೆ ತೆಂಗಿನ ನಾರಿನದೋ ಬಟ್ಟೆಯದೋ ಒಂದು ಉಂಡೆ ಇಟ್ಟು, ಗಜ ಎಂಬ ಉದ್ದ ಕೋಲು ಹಾಕಿ ತಳದವರೆಗೂ ಒತ್ತಬೇಕು. ಆಮೇಲೆ ಚರೆ ಅಥವಾ ಗುಂಡು. ಕೋವಿ ಬಗ್ಗಿಸಿದಾಗ ಅದು ಉರುಳಿ ಹೊರಬೀಳದಂತೆ ಮೇಲೊಂದು ಉಂಡೆ, ಮತ್ತೆ ಗಜ. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಕುದುರೆ ಎಂಬ ಸುತ್ತಿಗೆಯನ್ನು ಹಿಂದಕ್ಕೆಳೆದು ಅದರಡಿಯ ಪುಟ್ಟ ತುದಿಗೆ ತಾಮ್ರದ ಕೇಪು ಸಿಕ್ಕಿಸಬೇಕು. ಈ ಅನುಕ್ರಮದಲ್ಲಿ ಒಂದು ಹಿಂದುಮುಂದಾದರೂ ಕೆಲಸ ಕೆಟ್ಟಿತು. ಮಸಿ ಹಾಕದೆ ಗುಂಡು ಜಡಿದವನು ಅದನ್ನು ಹೊರತೆಗೆಯಲು ಅರ್ಧ ದಿನ ಪರದಾಡಬೇಕು. ಮೊದಲೇ ಕೇಪು ಸಿಕ್ಕಿಸಿಕೊಂಡು ಗಜ ಹಾಕಲು ಹೊರಟವನಿಗೆ ಪರದಾಡುವ ಅವಕಾಶವೂ ಸಿಗದೆ ಹೋಗಬಹುದು.

ಎಲ್ಲ ಸರಿಯಿದ್ದರೆ ಕುದುರೆ ಬಿದ್ದು ಕೇಪು ಸಿಡಿಯುತ್ತದೆ, ಕಿಡಿ ಸಣ್ಣ ತೂತಿನೊಳಗೆ ಹಾಯ್ದು ಮಸಿಗೆ ತಗಲುತ್ತದೆ. ಆಮೇಲೆ ಕಣ್ಣಿಗೆ ಬೀಳುವುದು ಬರೀ ಹೊಗೆ. ಗುರಿಗೆ ತಾಗಿತೋ ಇಲ್ಲವೋ ಎಂಬುದು ಹೊಡೆದವನಿಗೇ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ.

ಈ ಹೊಗೆಗೆ ಕಾರಣ ಮಸಿಯ ಗುಣ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಈ ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಒಂದಿಷ್ಟು ಹೊಗೆಯಾಗಿ ಹೊರಬಿದ್ದರೆ ಇನ್ನೊಂದಿಷ್ಟು ಕಿಟ್ಟವಾಗಿ ನಳಿಗೆಗೆ ಹಿಡಿಯುತ್ತದೆ. ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಜಗತ್ತಿನ ಸೈನ್ಯಗಳು ಕೆಲವೇ ವರ್ಷಗಳಲ್ಲಿ ಕರಿಮದ್ದಿಗೆ ಕೈಮುಗಿದವು. ಕೇಪಿನ ಕಥೆ ಅದಕ್ಕೂ ಹಿಂದಿನದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಬಾತುಕೋಳಿ ಬೇಟೆಯ ಹುಚ್ಚು. ಆಗಿನ ಚಕಮಕಿ ಕೋವಿಯಲ್ಲಿ ಕಿಡಿ ಮೊದಲು ಹೊರಗೆ ಹೊಳೆದು ಆಮೇಲೆ ಒಳಗಿನ ಮದ್ದು ಹೊತ್ತುತ್ತಿತ್ತು. ಆ ಹೊಳಪು ಕಂಡದ್ದೇ ಹಕ್ಕಿ ಹಾರಿಹೋಗುತ್ತಿತ್ತು. ಪಾದ್ರಿ ಸುಮ್ಮನಿರದೆ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಹೊಂದಿಸಿ 1807ರಲ್ಲಿ ಪೇಟೆಂಟ್ ಪಡೆದರು. ತಾಮ್ರದ ಕೇಪು ಅದರ ಮುಂದಿನ ಹೆಜ್ಜೆ. ದೇವರ ಸೇವೆಯ ನಡುವೆ ಇದಕ್ಕೆ ಹೇಗೆ ಬಿಡುವು ಮಾಡಿಕೊಂಡರೋ!

ಮುಗಿದುಹೋದ ಈ ತಂತ್ರಕ್ಕೆ ಮರುಳಾದವರ ದೊಡ್ಡ ಬಳಗವೇ ಹೊರದೇಶಗಳಲ್ಲಿದೆ. ಅಮೆರಿಕದಲ್ಲಿ 1933ರಲ್ಲೇ ಬಾಯಿಂದ ಮದ್ದು ತುಂಬುವ ಕೋವಿಗಳವರ ರಾಷ್ಟ್ರೀಯ ಸಂಘ ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ಅವರ ಗುರಿಮೈದಾನವಿದೆ. 1950ರಿಂದ ಅಂತರ್ಯುದ್ಧದ ಕಾಲದ ಸಮವಸ್ತ್ರ ತೊಟ್ಟು ತಂಡ ಕಟ್ಟಿಕೊಂಡು ಗುರಿ ಹೊಡೆಯುವವರ ಇನ್ನೊಂದು ಸಂಘವಿದೆ. 1971ರಲ್ಲಿ ಅಂತರರಾಷ್ಟ್ರೀಯ ಸಮಿತಿಯೂ ಆಗಿ, ಈಗ ಕರಿಮದ್ದಿನ ಕೋವಿಗಳಿಗೇ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ. ಇವರೆಲ್ಲ ಹೊಡೆಯುವ ಹೊಸ 'ಹಳೆಯ' ಕೋವಿಗಳು ಬಹುಪಾಲು ತಯಾರಾಗುವುದು ಇಟಲಿಯ ಗಾರ್ಡೋನೆ ವಾಲ್ ಟ್ರೋಂಪಿಯಾ ಎಂಬ ಕಣಿವೆಯ ಊರಿನಲ್ಲಿ ಮತ್ತು ಅದರ ಸುತ್ತಮುತ್ತ. 1959ರಲ್ಲಿ ಆಲ್ಡೊ ಉಬೆರ್ಟಿ ಅಲ್ಲಿ ಶುರುಮಾಡಿದ ಕಂಪನಿ ಇವತ್ತಿಗೂ ಕೋಲ್ಟ್ ರಿವಾಲ್ವರ್‌ಗಳ ಪ್ರತಿರೂಪಗಳನ್ನು ಮಾಡಿ ಮಾರುತ್ತಿದೆ.

ಈ ಬಳಗದ ಕಣ್ಮಣಿಯೆಂದರೆ ಕೇಪಿನ ರಿವಾಲ್ವರ್. ಸ್ಯಾಮ್ಯುಯೆಲ್ ಕೋಲ್ಟ್‌ಗೆ ರಿವಾಲ್ವರಿನ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಹೆಸರು ಮಾಡಿದ್ದು 1851ರ 'ನೇವಿ' ಮತ್ತು 1860ರ 'ಆರ್ಮಿ' ಮಾದರಿಗಳು. ತಿರುಗುವ ಉರುಳೆಯಲ್ಲಿ ಆರು ಗೂಡು. ಮೇಲೆ ಹೇಳಿದ ಇಡೀ ಪೂಜಾವಿಧಿಯನ್ನು ಆರು ಸಲ ಪುಟ್ಟದಾಗಿ ಮಾಡಬೇಕು. ಗುಂಡು ಗೂಡಿಗಿಂತ ಕೂದಲೆಳೆಯಷ್ಟು ದಪ್ಪ. ನಳಿಗೆಯ ಕೆಳಗಿನ ಸನ್ನೆಯಿಂದ ಅದನ್ನು ಒಳಕ್ಕೆ ಒತ್ತುವಾಗ ಅಂಚಿನಿಂದ ಸೀಸದ ತೆಳು ಉಂಗುರವೊಂದು ಕತ್ತರಿಸಿಕೊಂಡು ಹೊರಬೀಳುತ್ತದೆ. ಉಂಗುರ ಪೂರ್ತಿಯಾಗಿದ್ದರೆ ಗುಂಡು ಬಿಗಿಯಾಗಿ ಕೂತಿದೆ ಎಂದರ್ಥ. ಕಿಡಿ ಒಂದು ಗೂಡಿನಿಂದ ಪಕ್ಕದ ಗೂಡಿಗೆ ಹಾರಿ ಎರಡು ಮೂರು ಒಟ್ಟಿಗೇ ಹೊಡೆದುಕೊಳ್ಳುವ ಅಪಾಯ ಇದ್ದದ್ದರಿಂದ ಗುಂಡಿನ ಮೇಲೆ ಕೊಬ್ಬು ಸವರುವ ರೂಢಿ ಬಂತು. ಇಷ್ಟೆಲ್ಲ ಮಾಡಿ ನಾಲ್ಕು ಹೊಡೆಯುವಷ್ಟರಲ್ಲಿ ಸಿಡಿದ ಕೇಪಿನ ಚೂರೊಂದು ಕುದುರೆಯ ಸಂದಿಗೆ ಬಿದ್ದು ಯಂತ್ರ ಕಚ್ಚಿಕೊಳ್ಳಬಹುದು, ಇಲ್ಲವೇ ಕಿಟ್ಟ ಕಟ್ಟಿ ಉರುಳೆ ತಿರುಗದೆ ಮುಷ್ಕರ ಹೂಡಬಹುದು. ಆಗ ಎಲ್ಲ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಮತ್ತೆ ಜೋಡಿಸಬೇಕು. ಆ ಬಿಚ್ಚಿ ಜೋಡಿಸುವುದರಲ್ಲೇ ಇವರಿಗೆ ಪರಮಾನಂದ. ಗುಂಡು ಹೊಡೆಯುವುದು ಅದಕ್ಕೊಂದು ನೆಪ ಎಂದು ಯಾರಾದರೂ ಹೇಳಿದರೆ ಅವರು ಸಿಟ್ಟಾಗಲಾರರು.

ಈ ರಿವಾಲ್ವರುಗಳು ಭಾರತಕ್ಕೂ ಬಂದಿದ್ದವು. 1857ರ ದಂಗೆಯ ಹೊತ್ತಿಗೆ ಬ್ರಿಟಿಷ್ ಅಧಿಕಾರಿಗಳು ಸ್ವಂತ ಹಣದಿಂದ ಕೊಂಡ ಕೋಲ್ಟ್‌ಗಳನ್ನೂ ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ ಮಾದರಿಯ ರಿವಾಲ್ವರುಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಆದರೆ ಕೊಡಗಿನ ಪ್ರೀತಿ ಎಂದಿಗೂ ಉದ್ದ ನಳಿಗೆಯ ಮೇಲೆ.

ದಂಗೆ ಅಡಗಿದ ಮೇಲೆ ಸರ್ಕಾರ ಜನರ ಕೈಯ ಆಯುಧಗಳನ್ನು ಕಿತ್ತುಕೊಳ್ಳಲು ಕಾನೂನು ತಂದಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರುವರಿ 26ರಂದು, ಕೊಡಗಿನವರ ಶೌರ್ಯ, ನಿಷ್ಠೆಗಳನ್ನು ಬಾಯ್ತುಂಬ ಹೊಗಳಿ, ಆ ಕಾನೂನು ಅವರಿಗೆ ಅನ್ವಯಿಸುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದರು. ಅದು ಅವರ ಕೊನೆಯ ಕೆಲಸಗಳಲ್ಲೊಂದು. ಅದೇ ವರ್ಷ ಊರಿಗೆ ಹೊರಟವರು ಏಪ್ರಿಲ್‌ನಲ್ಲಿ ಸುಯೆಜ್‌ನಲ್ಲಿ ತೀರಿಕೊಂಡರು. ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಇಂದು ಅಲ್ಲಿನ ಹವ್ಯಾಸಿಗಳು ಪ್ರತಿರೂಪದ ಕೋವಿ ಕೊಂಡು, ಸಮವಸ್ತ್ರ ಹೊಲಿಸಿಕೊಂಡು ಮರಳಿ ಹೋಗಲು ಹಂಬಲಿಸುವ 1861 ಎಂಬ ವರ್ಷ ಕೊಡಗಿನಲ್ಲಿ ಒಂದು ಸರ್ಕಾರಿ ಕಾಗದದ ರೂಪದಲ್ಲಿ ಉಳಿದುಬಂತು.

ನಿಷ್ಠೆಯ ಹೊಗಳಿಕೆಯನ್ನು ಮಾತ್ರ ಪೂರ್ತಿ ನಂಬಬೇಕಾಗಿಲ್ಲ. ಕಬ್ಬನ್ ಆ ಪ್ರಕಟಣೆಗೆ ಸಹಿ ಹಾಕುವುದಕ್ಕೆ ಇಪ್ಪತ್ತಮೂರು ವರ್ಷಗಳಿಗೂ ಹಿಂದೆ, 1837ರ ಅಕ್ಟೋಬರ್ 31ರಂದು, ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇದೇ ಸರ್ಕಾರ ಮಡಿಕೇರಿಯಲ್ಲಿ ಗಲ್ಲಿಗೇರಿಸಿತ್ತು. ಕೋವಿ ಎರಡೂ ಕಡೆಯವರ ಕೈಯಲ್ಲಿತ್ತು.

ಕೋವಿಗೆ ವರ್ಷದ ಗೌರವ ಸಲ್ಲುವುದು ಕೈಲ್‌ಪೊಳ್ದ್ ಹಬ್ಬದ ದಿನ. ನಾಡಿನಿಂದ ನಾಡಿಗೆ ದಿನ ಬೇರೆಯಾದರೂ ಸೆಪ್ಟೆಂಬರ್ 3 ಎಲ್ಲರ ಬಾಯಲ್ಲಿ ನಿಂತುಹೋಗಿದೆ. ಗದ್ದೆಯಲ್ಲಿ ನಾಟಿ ನಡೆಯುವ ಮಳೆಗಾಲವಿಡೀ ಆಯುಧಕ್ಕೆ ವಿರಾಮ. ನಾಟಿ ಮುಗಿದ ಮೇಲೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಉಜ್ಜಿ ತೊಳೆದು, ಗಂಧ ಹಚ್ಚಿ, ದೇವರ ಕೋಣೆಯಲ್ಲಿ ಇಲ್ಲವೇ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದೆದುರು ಸಾಲಾಗಿ ಇಡುತ್ತಾರೆ. ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ಉಳಿದ ಕನ್ನಡಿಗರಿಗೆ ಅಗ್ನಿಶಿಖೆ, ಗೌರಿ ಹೂ ಎಂದು ಗೊತ್ತಿರುವ, ಬೆಂಕಿಯ ನಾಲಗೆ ಚಾಚಿದಂತಿರುವ ಕೆಂಪು ಹಳದಿ ಹೂ ಅದು. ಸರಿಯಾಗಿ ಆ ಮಳೆಗಾಲದಲ್ಲೇ ಬೇಲಿಯಂಚಿನಲ್ಲಿ ಅರಳುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಈ ಹಬ್ಬದ ಹಾಡೂ ವಿವರವೂ ಇವೆ. ಪೂಜೆಯ ದಿನ ಕಡುಂಬುಟ್ಟು, ಪಂದಿಕರಿಗಳ ಎಡೆ ಇಟ್ಟು, ಹಿರಿಯರು ಕೋವಿಯನ್ನು ಎತ್ತಿ ಕಿರಿಯರ ಕೈಗೆ ಕೊಡುತ್ತಾರೆ. ಹೀಗೆ ಪಡೆದ ಕೋವಿ ಹುಡುಗನಿಗೆ ಆಟದ ಸಾಮಾನಾಗಿ ಕಾಣುವುದಿಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಕೋವಿ ಕೊಂಡವನಿಗೂ ಇವನಿಗೂ ಇರುವ ದೊಡ್ಡ ವ್ಯತ್ಯಾಸ ಇದೇ ಎನ್ನಬೇಕು.

ಊಟಕ್ಕೆ ಮೊದಲೋ ಆಮೇಲೋ ಎಲ್ಲರೂ ಮೈದಾನಕ್ಕೆ ಬರುತ್ತಾರೆ. ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿರುತ್ತಾರೆ. ತೆಂಗೆ ಬೊಡಿ ಎಂದರೆ ಇದೇ. ಕೊಂಬೆಗಳ ನಡುವೆ ಗಾಳಿಗೆ ತೂಗುವ ಕಾಯಿ ಕೆಳಗಿನಿಂದ ನೋಡುವವನಿಗೆ ಲಿಂಬೆಹಣ್ಣಿನಷ್ಟೂ ಕಾಣುವುದಿಲ್ಲ. ಈಗ ಊರೂರಿನ ಪೊಮ್ಮಕ್ಕಡ (ಹೆಂಗಸರ) ಕೂಟಗಳೂ ಯುವಕ ಸಂಘಗಳೂ ಸಮಾಜಗಳೂ ಇದನ್ನು ಸ್ಪರ್ಧೆಯಾಗಿ ನಡೆಸುತ್ತವೆ. .22 ರೈಫಲ್‌ಗೆ ಒಂದು ವಿಭಾಗ, 12 ಬೋರ್ ತೋಟೆ ಕೋವಿಗೆ ಒಂದು, ಹುಡುಗರಿಗೆ ಏರ್‌ಗನ್. ಹೆಂಗಸರು ಸೀರೆಯ ಸೆರಗು ಬಿಗಿದು ಸಾಲಿನಲ್ಲಿ ನಿಂತು ಗಂಡಸರಿಗಿಂತ ಮೊದಲು ಕಾಯಿ ಒಡೆದ ಉದಾಹರಣೆಗಳಿಗೆ ಬರವಿಲ್ಲ. ಕೊಡವ ನ್ಯಾಷನಲ್ ಕೌನ್ಸಿಲ್ ಡಿಸೆಂಬರಿನಲ್ಲಿ ನಡೆಸುವ ತೋಕ್ ನಮ್ಮೆ ಕೋವಿಗಾಗಿಯೇ ಇರುವ ಇನ್ನೊಂದು ಹಬ್ಬ; ಅಲ್ಲಿ ಕೋವಿಯ ಜೊತೆ ಹಕ್ಕೊತ್ತಾಯದ ಮಾತೂ ಸಿಡಿಯುತ್ತದೆ.

ಒಂದು ಕೊರತೆ ಮಾತ್ರ ಕಣ್ಣಿಗೆ ಬೀಳುತ್ತದೆ. ಸ್ಪರ್ಧೆಯ ವಿಭಾಗಗಳಲ್ಲಿ ಸದ್ದು ಮಾಡುವುದೆಲ್ಲ ತೋಟೆಯ ಕೋವಿಗಳೇ. ಕೇಪಿನ ಕೋವಿ ಪೂಜೆಗೆ ಬರುತ್ತದೆ, ಹೂ ಮುಡಿಯುತ್ತದೆ, ಫೋಟೊಗೆ ನಿಲ್ಲುತ್ತದೆ, ಗೋಡೆಗೆ ಹೋಗುತ್ತದೆ. ಹೊರದೇಶದವರು ಸಾವಿರಾರು ರೂಪಾಯಿ ತೆತ್ತು ಪ್ರತಿರೂಪ ಮಾಡಿಸಿಕೊಂಡು ಕಲಿಯುವ ವಿದ್ಯೆ ಇಲ್ಲಿ ಅಸಲಿ ಕೋವಿಯ ಪಕ್ಕದಲ್ಲೇ ಮರೆತುಹೋಗುತ್ತಿದೆ.

ಮರೆವಿಗೆ ಕಾರಣ ಹುಡುಕಲು ಕಷ್ಟವಿಲ್ಲ. ಕೋವಿ ದಿನನಿತ್ಯದ ಕೆಲಸಕ್ಕೆ ಬರುತ್ತಿದ್ದ ಕಾಲದಲ್ಲಿ ತುಂಬುವುದೂ ತೊಳೆಯುವುದೂ ತಾನಾಗಿ ಬರುತ್ತಿತ್ತು. ಹುಲಿ ಹೊಡೆದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯನ್ನು ಪಕ್ಕದಲ್ಲಿ ತೂಗುಹಾಕಿ, ನೆಂಟರಿಷ್ಟರು ಬಂದು ಹರಸುತ್ತಿದ್ದ ನರಿಮಂಗಲದ ಕಾಲ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. ಹಾಕಿದ್ದು ಒಳ್ಳೆಯದೇ ಆಯಿತು. ನಾಗರಹೊಳೆಯಲ್ಲಿ ಇಂದು ಹುಲಿ ಕಾಣುವುದಾದರೆ ಅದಕ್ಕೆ ಆ ಕಾಯ್ದೆಯ ಪಾಲೂ ಇದೆ. ಆದರೆ ಬೇಟೆಯ ಜೊತೆಗೆ ಅದರ ಕೈಕಸುಬೂ ಹೊರಟಿತು.

ಕರಿಮದ್ದಿನ ಕೋವಿಯ ಅರ್ಧ ಕೆಲಸ ಇರುವುದು ಹೊಡೆದ ಮೇಲೆ. ನಳಿಗೆಗೆ ಹಿಡಿದ ಕಿಟ್ಟದಲ್ಲಿರುವ ಲವಣಗಳು ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತವೆ. ಒಣಹವೆಯ ಅರಿಜೋನಾದಲ್ಲಿ ಅದು ನಾಳೆಯ ಕೆಲಸವಾಗಬಹುದು. ಭಾಗಮಂಡಲದ ಕಡೆಯ ಮಳೆಯಲ್ಲಿ, ಬಟ್ಟೆಯೇ ವಾರಗಟ್ಟಲೆ ಒಣಗದ ಜಾಗದಲ್ಲಿ, ಅದನ್ನು ರಾತ್ರಿ ಊಟಕ್ಕೆ ಕೂರುವ ಮೊದಲೇ ಮುಗಿಸಬೇಕು. ಎಣ್ಣೆಗೆ ಈ ಕಿಟ್ಟ ಕರಗುವುದಿಲ್ಲ, ಬಿಸಿನೀರೇ ಬೇಕು. ನಳಿಗೆಗೆ ಬಿಸಿನೀರು ಹೊಯ್ದು, ಗಜದ ತುದಿಗೆ ಬಟ್ಟೆ ಸುತ್ತಿ, ನೀರು ತಿಳಿಯಾಗಿ ಬರುವವರೆಗೂ ಎಳೆದು, ಒಣಗಿಸಿ, ಆಮೇಲೆ ಎಣ್ಣೆ. ಕಬ್ಬಿಣಕ್ಕೆ ನೀರು ಹಾಕುವುದೇ ಎಂದು ಹೊಸಬರು ಹೌಹಾರುತ್ತಾರೆ. ಗೊತ್ತಿರುವ ಅಜ್ಜನೊಬ್ಬ ಪಕ್ಕದಲ್ಲಿದ್ದರೆ, "ಹಾಕು ಮೋನೆ, ಏನೂ ಆಗುವುದಿಲ್ಲ" ಎಂದು ನಗುತ್ತಾನೆ. ಅಜ್ಜ ಇಲ್ಲದ ಮನೆಯಲ್ಲಿ ಕೋವಿಗೆ ಮೇಲಿಂದ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚಿಸುತ್ತಾರೆ, ಒಳಗೆ ತುಕ್ಕು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ.

ಅಂಥ ಕೋವಿಯ ವಿಷಯದಲ್ಲಿ ಎರಡು ಅಪಾಯಗಳನ್ನು ಬಲ್ಲವರು ಪದೇ ಪದೇ ಹೇಳುತ್ತಾರೆ. ಗೋಡೆಯ ಮೇಲಿನ ಕೋವಿಯಲ್ಲಿ ಯಾವ ಕಾಲದ್ದೋ ಈಡು ಹಾಗೇ ಉಳಿದಿರಬಹುದು. ಬಾಯಿಂದ ತುಂಬುವ ಕೋವಿಯನ್ನು ಮುರಿದು ನೋಡಲು ಬರುವುದಿಲ್ಲ. ಗಜ ಇಳಿಸಿ, ಅದು ತಳದವರೆಗೆ ಹೋಗುತ್ತದೋ ಇಲ್ಲವೋ ಹೊರಗಿನಿಂದ ಅಳೆದೇ ತಿಳಿಯಬೇಕು. ಇನ್ನೊಂದು, ಕರಿಮದ್ದು ಸಿಗಲಿಲ್ಲವೆಂದು ತೋಟೆ ಒಡೆದು ಅದರ ಮದ್ದನ್ನು ಹಳೆಯ ನಳಿಗೆಗೆ ಸುರಿಯುವ ಬುದ್ಧಿವಂತಿಕೆ. ಹೊಗೆಯಿಲ್ಲದ ಮದ್ದಿನ ಒತ್ತಡ ಕರಿಮದ್ದಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ಒತ್ತಡಕ್ಕೆಂದು ಮಾಡದ ನಳಿಗೆ ಹೊಡೆದವನ ಕೈಯಲ್ಲೇ ಸೀಳಿಹೋಗುತ್ತದೆ.

ಕಾನೂನಿನ ಕಥೆ ಇನ್ನೂ ನಡೆಯುತ್ತಲೇ ಇದೆ. ಅಮೆರಿಕದ ಫೆಡರಲ್ ಕಾನೂನು ಕೇಪಿನ ರಿವಾಲ್ವರನ್ನು ಪುರಾತನ ವಸ್ತುಗಳ ಗುಂಪಿಗೆ ಸೇರಿಸಿ ಸುಮ್ಮನಾಗಿದೆ. ಭಾರತದಲ್ಲಿ ಕೇಪಿನ ಕೋವಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ವಿನಾಯಿತಿಯಿದೆ. ಜಮ್ಮಾ ಎಂದರೆ ಅರಸರ ಕಾಲದಲ್ಲಿ ದಂಡಿಗೆ ಬರುವ ಕರಾರಿನ ಮೇಲೆ ವಂಶಪಾರಂಪರ್ಯವಾಗಿ ಬಂದ ಭೂಮಿ. ಅದರ ಹಿಡುವಳಿದಾರರಲ್ಲಿ ಅರೆಭಾಷೆ ಗೌಡರೂ ಇದ್ದಾರೆ. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ಹೀಗೆ ಭೇದ ಮಾಡುವುದು ಸರಿಯೇ ಎಂದು ಪ್ರಶ್ನಿಸಿದ ಅರ್ಜಿಯೊಂದನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ಬಂದ ಸೌಲಭ್ಯ, ಅದೂ ಷರತ್ತುಗಳೊಂದಿಗೆ, ಹತ್ತು ವರ್ಷದ ಮಿತಿಗೆ ಒಳಪಟ್ಟದ್ದು ಎಂಬುದನ್ನು ನ್ಯಾಯಾಲಯ ಗಮನಿಸಿತು. ಆದರೂ ಪ್ರಶ್ನೆ ಪೂರ್ತಿ ಮುಗಿಯಿತು ಎನ್ನಲಾಗದು. ಅದೇ ಕಾಡಂಚಿನಲ್ಲಿ, ಅದೇ ಹಂದಿಯ ಕಾಟದ ನಡುವೆ ಬದುಕುವ ಯರವರಿಗೂ ಕುರುಬರಿಗೂ ಇಲ್ಲದ ಸೌಲಭ್ಯ ಇದು ಎಂಬುದನ್ನು ಕೋವಿಯ ಅಭಿಮಾನಿಗಳೂ ಒಮ್ಮೆ ಯೋಚಿಸಬೇಕು.

ಶಸ್ತ್ರಾಸ್ತ್ರ ಕಾಯ್ದೆಗೆ ಬಂದ 2019ರ ಡಿಸೆಂಬರಿನ ತಿದ್ದುಪಡಿಯಿಂದ ಸಂಭ್ರಮದ ಗುಂಡಿಗೂ ಹೊಸ ಲೆಕ್ಕ ಬಂದಿದೆ. ಮದುವೆ, ಜಾತ್ರೆ, ಸಭೆಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಪುತ್ತರಿ ಹಬ್ಬದ ರಾತ್ರಿ ಕದಿರು ಕೊಯ್ಯುವ ಮುನ್ನ ಗದ್ದೆಯಲ್ಲಿ ಹಾರುವ ಗುಂಡಿಗೂ ಈ ಎಚ್ಚರ ಅನ್ವಯಿಸುತ್ತದೆ. ಇಲ್ಲಿ ಹಳೆಯ ಕೋವಿಯ ಪರವಾಗಿ ಒಂದು ಮಾತು ಹೇಳಬಹುದು. ಅಂಗಡಿಯ ತೋಟೆಯೊಳಗೆ ಚರೆ ಇದ್ದೇ ಇರುತ್ತದೆ. ಮೇಲೆ ಹೋದದ್ದು ಎಲ್ಲೋ ಇಳಿಯಲೇಬೇಕು. ಕೇಪಿನ ಕೋವಿಗಾದರೆ ಬರೀ ಮಸಿ ಮತ್ತು ಮೆದು ಉಂಡೆಯ ಈಡು ತುಂಬಿದರೆ ಸಾಕು, ಸದ್ದೂ ಹೊಗೆಯೂ ಧಾರಾಳ. ಶಾಸ್ತ್ರಕ್ಕೆ ಬೇಕಾದದ್ದೂ ಅಷ್ಟೇ.

ಹೀಗಾಗಿ ಕೈಲ್‌ಪೊಳ್ದ್ ಸ್ಪರ್ಧೆ ನಡೆಸುವ ಸಂಘಗಳು ಕೇಪಿನ ಕೋವಿಗೆಂದೇ ಒಂದು ಸಣ್ಣ ವಿಭಾಗ ಇಟ್ಟರೆ ಚೆನ್ನ. ಕಾಯಿ ಒಡೆದವರಿಗೆ ಇರುವಷ್ಟೇ ಅಂಕ ಈಡನ್ನು ಕ್ರಮವಾಗಿ ತುಂಬಿದವರಿಗೂ ಹೊಡೆದ ಮೇಲೆ ಸರಿಯಾಗಿ ತೊಳೆದವರಿಗೂ ಇರಲಿ. ಮನೆಯಲ್ಲಿ ಅಜ್ಜನ ಕಾಲದ ಕೋವಿ ಇರುವವರು ಮೊದಲು ಅದನ್ನು ಬಲ್ಲವರಿಗೆ ತೋರಿಸಿ, ಒಳಗೆ ಈಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹಿರಿಯರನ್ನು ಕೂರಿಸಿಕೊಂಡು ಮಸಿಯ ಅಳತೆ, ಗಜದ ಗುರುತು, ಕೇಪಿನ ಗಾತ್ರ, ತೊಳೆಯುವ ಕ್ರಮ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸಿ. ಈಗಿನ ವಿನಾಯಿತಿಗೆ 2029ರ ಅಕ್ಟೋಬರ್ 31 ಕೊನೆಯ ದಿನ. ಬರೆದಿಡುವ ಕೆಲಸಕ್ಕೆ ಅಲ್ಲಿಯವರೆಗೆ ಕಾಯಬೇಡಿ.